ಕತ್ತರಿ ಬೇಡ, ಬೀಗವಿರಲಿ

ನನ್ನ ತಕರಾರು 'ಮತ್ತು' ಎಂಬ ಪುಟ್ಟ ಪದದ ಮೇಲೆ. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಗ್ರಂಥಾಲಯದಲ್ಲಿ ಸೆಸಿಲ್ ಬೀಟನ್ ಎಂಬ ಛಾಯಾಗ್ರಾಹಕನ ಕಾಗದಪತ್ರಗಳಿವೆ. ಕೈಬರಹದ ನೂರಕ್ಕೂ ಹೆಚ್ಚು ದಿನಚರಿ ಪುಸ್ತಕಗಳು, ಅವುಗಳ ಜೊತೆಗೆ ಪೆಟ್ಟಿಗೆಗಟ್ಟಲೆ ಪತ್ರಗಳು. ಇಂಥ ಸಂಗ್ರಹಗಳನ್ನು ಪಟ್ಟಿ ಮಾಡುವವರು ರೂಢಿಯಂತೆ ಬರೆಯುವ ಮಾತು: 'ವೈಯಕ್ತಿಕ ಮತ್ತು ವೃತ್ತಿಪರ ಪತ್ರವ್ಯವಹಾರ'. ನೋಡಲು ನಿರುಪದ್ರವಿ. ಆದರೆ ಆ 'ಮತ್ತು' ಬಂದ ಕೂಡಲೇ ಒಂದು ರಾಶಿ ಎರಡಾಗುತ್ತದೆ. ವೃತ್ತಿಪರ ಎಂಬುದು ಗೌರವಸ್ಥ ರಾಶಿ, ವಿದ್ವಾಂಸರಿಗೆ. ವೈಯಕ್ತಿಕ ಎಂಬುದು ಮುಜುಗರದ ರಾಶಿ, ಕುತೂಹಲಿಗಳಿಗೆ. ಕೇಂಬ್ರಿಜ್‌ನಲ್ಲಿ ಎರಡೂ ಉಳಿದವು. ನಮ್ಮಲ್ಲಿ ಎರಡನೆಯದು ಒಲೆಗೋ ರದ್ದಿಗೋ ಹೋಗುತ್ತದೆ.

ಕನ್ನಡ ಲೇಖಕರ ಪತ್ರಗಳ ಮೇಲೆ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿರುವ ನಾನು ಬೀಟನ್‌ನ ಕಡೆಗೆ ಹೋಗಿದ್ದು ಅವನ ಫೋಟೊಗಳ ಮೋಹದಿಂದಲ್ಲ. ಈ ವಿಂಗಡಣೆ ಸುಳ್ಳು ಎನ್ನುವುದಕ್ಕೆ ಅವನಿಗಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ, ಅದಕ್ಕೆ.

ಬೀಟನ್ ಹುಟ್ಟಿದ್ದು 1904ರಲ್ಲಿ, ಲಂಡನ್ನಿನ ಮರದ ವ್ಯಾಪಾರಿಯೊಬ್ಬನ ಮಗನಾಗಿ. ಕೇಂಬ್ರಿಜ್‌ನಲ್ಲಿ ಓದಿ, ಪದವಿ ಪಡೆಯದೆ ಹೊರಬಂದ. ತಂಗಿಯರಾದ ನ್ಯಾನ್ಸಿ ಮತ್ತು ಬಾಬಾರನ್ನು ನಿಲ್ಲಿಸಿ ಫೋಟೊ ತೆಗೆಯುತ್ತ ಕೈ ಪಳಗಿಸಿಕೊಂಡ. 1920ರ ದಶಕ ಮುಗಿಯುವ ಹೊತ್ತಿಗೆ 'ವೋಗ್' ಪತ್ರಿಕೆಯ ಛಾಯಾಗ್ರಾಹಕನಾಗಿದ್ದ. 1939ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಣಿಯ ಭಾವಚಿತ್ರ ತೆಗೆದ. 1953ರಲ್ಲಿ ಆಕೆಯ ಮಗಳು ಎರಡನೆಯ ಎಲಿಜಬೆತ್‌ಳ ಪಟ್ಟಾಭಿಷೇಕದ ಚಿತ್ರವನ್ನೂ ತೆಗೆದ. ಜೊತೆಜೊತೆಗೆ ನಾಟಕ, ಸಿನಿಮಾಗಳಿಗೆ ಉಡುಪು ಮತ್ತು ರಂಗಸಜ್ಜಿಕೆಯ ವಿನ್ಯಾಸ. 'ಜೀಜಿ' ಚಿತ್ರದ ಉಡುಪುಗಳಿಗೆ ಒಂದು ಆಸ್ಕರ್. 1964ರ 'ಮೈ ಫೇರ್ ಲೇಡಿ'ಯ ಉಡುಪುಗಳಿಗೆ ಒಂದು, ಅದರ ಕಲಾನಿರ್ದೇಶನಕ್ಕೆ ಇತರರೊಂದಿಗೆ ಹಂಚಿಕೊಂಡ ಇನ್ನೊಂದು. 1972ರಲ್ಲಿ 'ಸರ್' ಆದ. 1980ರಲ್ಲಿ ತೀರಿಕೊಂಡ.

ಇಂಥವನನ್ನು 'ಸೊಸೈಟಿ ಫೋಟೋಗ್ರಾಫರ್' ಎಂದು ಕರೆಯುವ ವಾಡಿಕೆ. ಇದನ್ನು 'ಸಮಾಜದ ಛಾಯಾಗ್ರಾಹಕ' ಎಂದು ಕನ್ನಡಿಸಿದರೆ ಅರ್ಥ ಕೆಡುತ್ತದೆ. ಇಲ್ಲಿ ಸೊಸೈಟಿ ಎಂದರೆ ಊರೆಲ್ಲ ಅಲ್ಲ, ಊರಿನ ದೊಡ್ಡ ಮನೆಗಳು ಮಾತ್ರ. ಆ ಮನೆಗಳ ಹೊಸ್ತಿಲು ದಾಟಲು ಕ್ಯಾಮೆರಾ ಸಾಲದು, ಕರೆ ಬರಬೇಕು. ಇವತ್ತು ಊಟಕ್ಕೆ ಕರೆದವಳು ನಾಳೆ ಫೋಟೊಗೆ ಕೂರುತ್ತಾಳೆ. ಫೋಟೊ ತನಗಿಂತ ಚೆನ್ನಾಗಿ ಬಂದರೆ ಗೆಳತಿಗೆ ಹೇಳುತ್ತಾಳೆ. ಗೆಳತಿ ಪತ್ರಿಕೆಯೊಂದರ ಸಂಪಾದಕಿಗೆ ಪರಿಚಯ. ಸಂಪಾದಕಿ ಮುಂದಿನ ಸಂಚಿಕೆಗೆ ಕೆಲಸ ಕೊಡುತ್ತಾಳೆ. ಊಟ ಮುಗಿಸಿ ಬಂದ ಮರುದಿನ ಬೀಟನ್ ಬರೆದ ಕೃತಜ್ಞತೆಯ ನಾಲ್ಕು ಸಾಲು ವೈಯಕ್ತಿಕವೋ ವೃತ್ತಿಪರವೋ? ಗೆಳೆತನವೇ ಅಂಗಡಿಯಾಗಿದ್ದವನ ಲೆಕ್ಕದ ಪುಸ್ತಕ ಎಂದರೆ ಆ ಕಾಗದಗಳೇ.

ಪಟ್ಟಾಭಿಷೇಕದ ಉದಾಹರಣೆಯನ್ನೇ ನೋಡಿ. ಹೊಸ ರಾಣಿಯ ಗಂಡ ಫಿಲಿಪ್‌ಗೆ ಬ್ಯಾರನ್ ಎಂಬ ಬೇರೊಬ್ಬ ಛಾಯಾಗ್ರಾಹಕ ಆಪ್ತ. ಅರಮನೆಯ ಕೆಲಸ ಇನ್ನು ತನ್ನ ಕೈತಪ್ಪಿತು ಎಂದು ಬೀಟನ್ ಕಂಗಾಲಾಗಿದ್ದ. ಕೊನೆಗೆ ಕೆಲಸ ಅವನಿಗೇ ಬಂತು. ರಾಜಮಾತೆಯೊಡನೆ ಅವನಿಗಿದ್ದ ಹಳೆಯ ಸ್ನೇಹವೇ ಇದಕ್ಕೆ ಕಾರಣ ಎಂದು ಅವನೂ ನಂಬಿದ್ದ, ಅವನ ಬಗ್ಗೆ ಬರೆದವರೂ ನಂಬುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಲೋಕವೆಲ್ಲ ನೋಡಿದ ಒಂದು ಫೋಟೊದ ಹಿಂದೆ ಟೆಂಡರ್ ಇಲ್ಲ, ಅರ್ಜಿ ಇಲ್ಲ, ಸ್ನೇಹ ಇದೆ. ಇದನ್ನು ಅರಿಯಲು ವೃತ್ತಿಪರ ಪತ್ರಗಳನ್ನಷ್ಟೇ ಬಿಡಿಸಿ ಕೂತವನಿಗೆ ಏನೂ ಸಿಕ್ಕುವುದಿಲ್ಲ.

ಇದನ್ನು ಒಂದು ವಿಚಾರ ಸಂಕಿರಣದಲ್ಲಿ ಹೇಳಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, "ಕೃತಿ ಓದಮ್ಮ. ಇನ್ನೊಬ್ಬರ ಮನೆ ಕಾಗದ ಓದೋದು ಸಂಶೋಧನೆ ಅಲ್ಲ, ಇಣುಕೋದು" ಎಂದರು. ಸಭೆ ನಕ್ಕಿತು. ಅವರ ಮಾತಿನಲ್ಲಿ ಎರಡು ವಾದಗಳಿವೆ. ಕೃತಿಯನ್ನು ತಿಳಿಯಲು ಪತ್ರ ಬೇಕಿಲ್ಲ ಎಂಬುದು ಒಂದು. ಖಾಸಗಿ ಬದುಕಿಗೆ ಮರ್ಯಾದೆ ಇದೆ ಎಂಬುದು ಇನ್ನೊಂದು. ಮೊದಲನೆಯದು ಸೋಮಾರಿ ವಾದ, ಎರಡನೆಯದಕ್ಕೆ ತೂಕವಿದೆ. ಹಾಗಾಗಿ ಮೊದಲನೆಯದನ್ನು ಬೇಗ ಮುಗಿಸುತ್ತೇನೆ.

ಅಮೆರಿಕದ 'ವೋಗ್'ನ 1938ರ ಫೆಬ್ರವರಿ ಸಂಚಿಕೆಗೆ ಬೀಟನ್ ನ್ಯೂಯಾರ್ಕಿನ ಶ್ರೀಮಂತ ವಲಯದ ಬಗ್ಗೆ ಚಿತ್ರ ಬರೆದುಕೊಟ್ಟ. ಚಿತ್ರದ ಅಂಚಿನಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಯೆಹೂದಿಗಳನ್ನು ಹೀನಾಯವಾಗಿ ಬೈಯುವ ಪದವಿತ್ತು. ಅಂಕಣಕಾರ ವಾಲ್ಟರ್ ವಿಂಚೆಲ್ ಅದನ್ನು ಬಯಲಿಗೆಳೆದ. ಪತ್ರಿಕೆಯ ಒಡೆಯ ಕಾಂಡೆ ನಾಸ್ಟ್ ಬೀಟನ್‌ನ ರಾಜೀನಾಮೆ ಪಡೆದ. ಯೋಚಿಸದೆ ಮಾಡಿದ್ದು ಎಂದು ಬೀಟನ್ ಸಮಜಾಯಿಷಿ ಕೊಟ್ಟ. ಯೋಚಿಸದೆ ಬರುವ ಮಾತು ಎಲ್ಲಿಂದ ಬರುತ್ತದೆ? ದಿನವೂ ಆಡುವ, ಆಡಿದಾಗ ಯಾರೂ ತಡೆಯದ ಜಾಗದಿಂದ. ಊಟದ ಮೇಜಿನ ಮಾತು, ಗೆಳೆಯರ ಕಾಗದದ ಮಾತು ಅಚ್ಚಿನ ಪುಟದ ಅಂಚಿಗೆ ಸೋರಿತು. ವೈಯಕ್ತಿಕಕ್ಕೂ ವೃತ್ತಿಗೂ ನಡುವೆ ಇದೆಯೆಂದು ನಾವು ನಂಬಿದ ಗೋಡೆಯ ದಪ್ಪ ಅಷ್ಟೇ. ಬರೀ ಕೃತಿ ನೋಡು ಎನ್ನುವವರು ಆ ಅಂಚಿನ ಅಕ್ಷರಗಳನ್ನು ಕೃತಿಯೊಳಗೆ ಸೇರಿಸುತ್ತಾರೋ ಹೊರಗಿಡುತ್ತಾರೋ ಹೇಳಬೇಕು.

ಎರಡನೆಯ ವಾದಕ್ಕೆ ಬರೋಣ. ಸತ್ತವರಿಗೂ ಮರ್ಯಾದೆ ಇದೆ, ಒಪ್ಪುತ್ತೇನೆ. ಬೀಟನ್‌ಗೆ ಪೀಟರ್ ವಾಟ್ಸನ್ ಎಂಬ ಶ್ರೀಮಂತ ಕಲಾಪೋಷಕನ ಮೇಲೆ ವರ್ಷಗಟ್ಟಲೆ ಒಮ್ಮುಖ ಪ್ರೇಮವಿತ್ತು. ಗಂಡಸರಿಬ್ಬರ ಸಂಬಂಧ ಇಂಗ್ಲೆಂಡಿನಲ್ಲಿ 1967ರವರೆಗೆ ಅಪರಾಧವಾಗಿತ್ತು. 1954ರಲ್ಲಿ ಮಾಂಟೆಗ್ಯೂ ಪ್ರಭುವಿನ ಜೊತೆ ವಿಚಾರಣೆಗೆ ಗುರಿಯಾದ ಪೀಟರ್ ವೈಲ್ಡ್‌ಬ್ಲಡ್ ಎಂಬ ಪತ್ರಕರ್ತ ವಾಯುಪಡೆಯ ಯುವಕನೊಬ್ಬನಿಗೆ ಬರೆದ ಪ್ರೇಮಪತ್ರಗಳೇ ನ್ಯಾಯಾಲಯದಲ್ಲಿ ಅವನ ವಿರುದ್ಧ ಸಾಕ್ಷ್ಯವಾದವು. 18 ತಿಂಗಳ ಸಜೆಯಾಯಿತು. ಅಂಥ ಕಾಲದಲ್ಲಿ ಒಂದು ಕಾಗದವನ್ನು ಇಟ್ಟುಕೊಳ್ಳುವುದೇ ಸಾಹಸ. ಅದನ್ನು ಇಂದು 'ವೈಯಕ್ತಿಕ' ಎಂಬ ಪೆಟ್ಟಿಗೆಗೆ ತಳ್ಳಿ ಮುಖ ತಿರುಗಿಸಿದರೆ, ಕಾನೂನು ಆ ಮನುಷ್ಯರ ಮೇಲೆ ಹೊರಿಸಿದ್ದ ಮೌನಕ್ಕೆ ನಾವು ಇನ್ನೊಮ್ಮೆ ಸಹಿ ಹಾಕಿದಂತೆ. ನಮ್ಮಲ್ಲಿ 377ನೇ ವಿಧಿಯ ಹಿಡಿತ ಸಡಿಲಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಮೊದಲು ಕನ್ನಡದಲ್ಲಿ ಬರೆಯಲ್ಪಟ್ಟು ಹರಿಯಲ್ಪಟ್ಟ ಕಾಗದಗಳೆಷ್ಟೋ.

ಆದರೆ ಕಾಗದಕ್ಕೆ ಇಬ್ಬರು ಒಡೆಯರು. ಇದನ್ನು ಬ್ರಿಟನ್ನಿನ ನ್ಯಾಯಾಲಯ 1741ರಲ್ಲೇ ಹೇಳಿತು. ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಕೇಳದೆ ಅಚ್ಚು ಹಾಕಿದ ಪ್ರಕಾಶಕ ಕರ್ಲ್‌ನ ಮೇಲೆ ಮೊಕದ್ದಮೆ ಹೂಡಿದಾಗ, ಕಾಗದದ ಹಾಳೆ ಪಡೆದವನದು, ಅದರ ಮಾತು ಬರೆದವನದು ಎಂದು ತೀರ್ಪಾಯಿತು. ನಮ್ಮ ಕೃತಿಸ್ವಾಮ್ಯ ಕಾನೂನಿನ ತಿಳಿವೂ ಇದೇ. ಹೀಗಿರುವಾಗ ಮರ್ಯಾದೆಯ ಪ್ರಶ್ನೆ ಬಂದಾಗಲೆಲ್ಲ, ಯಾರ ಮರ್ಯಾದೆ ಎಂದು ಕೇಳಲೇಬೇಕು. ಬೀಟನ್ ಮತ್ತು ಗ್ರೇಟಾ ಗಾರ್ಬೋ ನಡುವಿನ ಪ್ರಸಂಗ ನೋಡಿ. ಲೋಕದ ಕಣ್ಣಿನಿಂದ ತಪ್ಪಿಸಿಕೊಳ್ಳುವುದನ್ನೇ ಬದುಕು ಮಾಡಿಕೊಂಡಿದ್ದ ನಟಿ ಆಕೆ. ಆಕೆಯೊಡನೆ ತನಗಿದ್ದ ಸಂಬಂಧವನ್ನು ಬೀಟನ್ 1972ರಲ್ಲಿ 'ದಿ ಹ್ಯಾಪಿ ಇಯರ್ಸ್' ಎಂಬ ದಿನಚರಿಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಗಾರ್ಬೋ ಆಗ ನ್ಯೂಯಾರ್ಕಿನಲ್ಲಿ ಬದುಕಿದ್ದಳು. ನನ್ನ ಪ್ರಾಧ್ಯಾಪಕರು ಹೇಳುವ ಇಣುಕುವಿಕೆ ಇದ್ದರೆ ಅದು ಇಲ್ಲಿದೆ, ಮತ್ತು ಅದನ್ನು ಮಾಡಿದ್ದು ಸಂಶೋಧಕಿಯಲ್ಲ, ಕಾಗದ ಬರೆದವನೇ.

ಇದೇ ಕಥೆಯಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ: ಮೆರ್ಸಿಡಿಸ್ ಡಿ ಅಕೋಸ್ಟಾ. ಅಮೆರಿಕದ ಲೇಖಕಿ, ಗಾರ್ಬೋಗೂ ಬೀಟನ್‌ಗೂ ಗೆಳತಿ. 1938ರಲ್ಲಿ ರಮಣ ಮಹರ್ಷಿಗಳನ್ನು ಕಾಣಲು ತಿರುವಣ್ಣಾಮಲೈಗೂ ಬಂದಿದ್ದವಳು. ಅವಳೇನೂ ಸಂಕೋಚದ ಮುದ್ದೆಯಲ್ಲ. 1960ರಲ್ಲಿ ಅವಳು ಬರೆದ ಆತ್ಮಕಥೆ ಹಲವು ಗೆಳತಿಯರನ್ನು ದೂರ ಮಾಡಿತು. ಆದರೆ ಗಾರ್ಬೋ ಬರೆದ ಕಾಗದಗಳ ವಿಷಯದಲ್ಲಿ ಅವಳು ಮಾಡಿದ್ದೇ ಬೇರೆ. ಸುಡಲಿಲ್ಲ, ಅಚ್ಚು ಹಾಕಿಸಲಿಲ್ಲ. ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯಕ್ಕೆ ಕೊಟ್ಟು, ಗಾರ್ಬೋ ತೀರಿಕೊಂಡು ಹತ್ತು ವರ್ಷವಾಗುವವರೆಗೆ ತೆರೆಯಬಾರದು ಎಂಬ ಷರತ್ತು ಹಾಕಿದಳು. ಗಾರ್ಬೋ ಸತ್ತಿದ್ದು 1990ರ ಏಪ್ರಿಲ್‌ನಲ್ಲಿ. ಪೆಟ್ಟಿಗೆ ತೆರೆದಿದ್ದು 2000ದ ಏಪ್ರಿಲ್‌ನಲ್ಲಿ. ಹಾತೊರೆದು ಕಾದವರಿಗೆ ಪ್ರಣಯದ ಪುರಾವೆ ಸಿಗಲಿಲ್ಲ, ಪತ್ರಿಕೆಗಳು ನಿರಾಸೆಗೊಂಡವು. ಕಾಗದಗಳು ಮಾತ್ರ ಇಡಿಯಾಗಿ ಉಳಿದವು. ಇಷ್ಟೇ ನನ್ನ ವಾದ. ಮರ್ಯಾದೆ ಕಾಯಲು ಬೀಗವಿದೆ. ಕತ್ತರಿ ಕಾಯುವುದು ಮರ್ಯಾದೆಯನ್ನಲ್ಲ, ಕತ್ತರಿ ಹಿಡಿದವರನ್ನು.

ಕತ್ತರಿ ಹಿಡಿದವನು ಬರೆದವನೇ ಆಗಿದ್ದರೂ ಈ ಮಾತು ನಿಜ. 1961ರಿಂದ 1978ರವರೆಗೆ ಬೀಟನ್ ತನ್ನ ದಿನಚರಿಯ ಆರು ಸಂಪುಟ ಪ್ರಕಟಿಸಿದ. ಓದುಗರು ಅವನ್ನು ಆಯಾ ದಿನದ ಬಿಸಿಯಲ್ಲಿ ಬರೆದದ್ದೆಂದೇ ಓದಿದರು. ಆದರೆ ಅಚ್ಚಿಗೆ ಹೋಗುವ ಮೊದಲು ಅವನು ತಿದ್ದಿದ್ದ, ನಯಗೊಳಿಸಿದ್ದ, ಬಿಟ್ಟಿದ್ದ, ಸೇರಿಸಿದ್ದ. ಅವನ ಜೀವನಚರಿತ್ರೆ ಬರೆದ ಹ್ಯೂಗೋ ವಿಕರ್ಸ್ ಮೂಲ ಹಸ್ತಪ್ರತಿಗಳಿಂದಲೇ ತಯಾರಿಸಿದ ತಿದ್ದದ ಸಂಪುಟ 2002ರಲ್ಲಿ ಹೊರಬಂತು. ಅಚ್ಚಿನ ಬೀಟನ್ ನಯವಂತ, ಹಸ್ತಪ್ರತಿಯ ಬೀಟನ್ ನಾಲಿಗೆಯಲ್ಲಿ ವಿಷವಿಟ್ಟುಕೊಂಡವನು. ಇದು ಗೊತ್ತಾಗಿದ್ದು ಮೂಲ ಉಳಿದಿತ್ತು ಎಂಬ ಒಂದೇ ಕಾರಣಕ್ಕೆ. ಅಚ್ಚಾದ ಮೇಲೆ ಮೂಲವನ್ನು ಕಳೆದಿದ್ದರೆ, ಅವನು ಬಿಟ್ಟುಹೋದ ಮುಖವಾಡವನ್ನೇ ಮುಖವೆಂದು ಹೊಗಳುತ್ತ ಕೂತಿರುತ್ತಿದ್ದೆವು.

ಇನ್ನು, ವೃತ್ತಿಪರ ಪತ್ರ ಎನ್ನುತ್ತೇವಲ್ಲ, ಅದನ್ನು ಯಾರು ಬರೆದರು? 1950ರ ದಶಕದಿಂದ ಬೀಟನ್ ಸಾಯುವವರೆಗೂ ಅವನ ಕಾರ್ಯದರ್ಶಿಯಾಗಿದ್ದವಳು ಐಲೀನ್ ಹೋಸ್. ಇಂಥ ಕಚೇರಿಯಲ್ಲಿ ಒಂದು ಪತ್ರ ಹೊರಡುವುದೆಂದರೆ ಒಬ್ಬ ಹೆಂಗಸು ಟೈಪ್ ಮಾಡುವುದು, ನಕಲು ಇಡುವುದು, ಬಂದದ್ದನ್ನು ಜೋಡಿಸುವುದು, ಬಾಕಿ ಹಣ ನೆನಪಿಸುವುದು. 1974ರಲ್ಲಿ ಬೀಟನ್‌ಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಎಡಗೈಯಲ್ಲಿ ಬರೆಯುವುದನ್ನು, ಚಿತ್ರ ಬಿಡಿಸುವುದನ್ನು ಅವನು ಹೊಸದಾಗಿ ಕಲಿತ. ನಾಳೆ ಯಾರೋ 'ಬೀಟನ್‌ನ ಆಯ್ದ ಪತ್ರಗಳು' ಎಂದು ಅಚ್ಚು ಹಾಕಿದರೆ, ಒಂದೇ ಅಳತೆಯ ಅಕ್ಷರದಲ್ಲಿ ಆ ನಡುಗುವ ಎಡಗೈಯೂ ಮಾಯ, ಟೈಪ್ ಮಾಡಿದ ಬೆರಳೂ ಮಾಯ.

ಇಷ್ಟಾಗಿಯೂ ಪತ್ರಗಳು ಎಲ್ಲವನ್ನೂ ಹೇಳುತ್ತವೆ ಎಂದು ನಾನು ಹೇಳುತ್ತಿಲ್ಲ. ಪತ್ರಗಳ ಸಂಗ್ರಹ ಎಂದರೆ ಮರಳಿ ಬರೆಯಬಲ್ಲವರ ಸಂಗ್ರಹ. ಬೀಟನ್ 1944ರಲ್ಲಿ ನಮ್ಮ ದೇಶಕ್ಕೆ ಬಂದ, ಬ್ರಿಟನ್ನಿನ ಮಾಹಿತಿ ಸಚಿವಾಲಯದ ಪರವಾಗಿ ಯುದ್ಧಕಾಲದ ಚಿತ್ರ ತೆಗೆಯಲು. ದೆಹಲಿಯಲ್ಲಿ ವೈಸ್‌ರಾಯ್ ಭವನದ ಅತಿಥಿಯಾಗಿದ್ದ, ವೈಸ್‌ರಾಯ್ ವೇವೆಲ್‌ನ ಚಿತ್ರ ತೆಗೆದ. ಅರಕಾನ್ ರಣರಂಗಕ್ಕೆ ಹೋದ, ಗಾಯಾಳು ಸೈನಿಕರ ಚಿತ್ರಗಳನ್ನು ಮರುಕದಿಂದಲೇ ತೆಗೆದ. ಬಂಗಾಳ ಆಗಷ್ಟೇ ಕ್ಷಾಮದ ಬಾಯಿಂದ ಹೊರಬರುತ್ತಿತ್ತು. ಅದೇ ಬಂಗಾಳದ ಮೇದಿನಿಪುರ ಜಿಲ್ಲೆಯಲ್ಲಿ ಕಲಾವಿದ ಚಿತ್ತಪ್ರಸಾದ್ 1943ರಲ್ಲಿ ಅಲೆದು, ಹಸಿದವರ ಚಿತ್ರ ಬರೆದು, ಅವರ ಹೆಸರು ಊರು ಕೇಳಿ ದಾಖಲಿಸಿದ್ದರು. 'ಹಂಗ್ರಿ ಬೆಂಗಾಲ್' ಎಂಬ ಅವರ ಪುಸ್ತಿಕೆಯ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಬೀಟನ್‌ನ ಸುಮಾರು 7,000 ಯುದ್ಧಕಾಲದ ಚಿತ್ರಗಳನ್ನು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಜೋಪಾನವಾಗಿ ಇಟ್ಟಿದೆ.

ಒಂದು ಸುಡಲ್ಪಟ್ಟಿತು, ಇನ್ನೊಂದು ಉಳಿಸಲ್ಪಟ್ಟಿತು. ಬೀಟನ್‌ಗೆ ಬಾಗಿಲು ತೆರೆದದ್ದು ಯಾವ ಪರಿಚಯ, ಯಾರ ಮಾತು ಎಂಬುದು ತಿಳಿದರೆ ಮಾತ್ರ ಈ ಎರಡು ಹಣೆಬರಹಗಳ ನಡುವಿನ ವ್ಯತ್ಯಾಸ ಅರ್ಥವಾಗುತ್ತದೆ. ಅವನ ಕ್ಯಾಮೆರಾದ ಮುಂದೆ ನಿಂತ ಸಿಪಾಯಿ, ಕೂಲಿ, ಬೀದಿಯ ಹುಡುಗರಲ್ಲಿ ಹಲವರಿಗೆ ಹೆಸರೂ ಇಲ್ಲ. ಅವರು ಅವನಿಗೆ ಕಾಗದ ಬರೆಯಲಿಲ್ಲ, ಅವನೂ ಅವರಿಗೆ ಫೋಟೊದ ಪ್ರತಿ ಕಳಿಸಿ ಇಷ್ಟವಾಯಿತೇ ಎಂದು ಕೇಳಲಿಲ್ಲ. ಯಾರಿಗೆ ಕೃತಜ್ಞತೆಯ ಕಾಗದ ಹೋಯಿತು, ಯಾರಿಗೆ ಹೋಗಲಿಲ್ಲ ಎಂಬ ಪಟ್ಟಿಯೇ ಆ ಸೊಸೈಟಿಯ ನಿಜವಾದ ಗಡಿರೇಖೆ. 'ಬರೀ ಖಾಸಗಿ' ಎಂದು ಬಿಸಾಡುವ ಊಟದ ಕರೆಯೋಲೆ, ಧನ್ಯವಾದದ ಚೀಟಿಗಳಿಲ್ಲದೆ ಆ ಗೆರೆಯನ್ನು ಎಳೆಯುವುದು ಹೇಗೆ?

ಈಗ ನಮ್ಮ ಮನೆಗೆ ಬರುತ್ತೇನೆ. ನನ್ನ ಕ್ಷೇತ್ರಕಾರ್ಯದಲ್ಲಿ ಒಂದು ಕುಟುಂಬದವರು ಹಿರಿಯರೊಬ್ಬರ ಪತ್ರಗಳ ಜೆರಾಕ್ಸ್ ಕೊಟ್ಟರು. ನಡುನಡುವೆ ಬಿಳಿ ಪಟ್ಟಿಗಳು. ಜೆರಾಕ್ಸ್ ಮಾಡುವಾಗ ಮೇಲೆ ಕಾಗದದ ಚೂರು ಇಟ್ಟು ಮುಚ್ಚಿದ್ದರು. ಕೇಳಿದಾಗ, "ಅದು ಸಾಲದ ವಿಷಯ, ಸಾಹಿತ್ಯ ಅಲ್ಲ" ಎಂದರು. ಆ ಸಾಲ ತೀರಿಸಲು ಆ ಲೇಖಕರು ಯಾವ ಪುಸ್ತಕವನ್ನು ಅವಸರದಲ್ಲಿ ಬರೆದರು ಎಂಬುದು ನನ್ನ ಪ್ರಬಂಧದ ಒಂದು ಅಧ್ಯಾಯವಾಗಬೇಕಿತ್ತು. ಇನ್ನೊಂದು ಕಡೆ, ಅಚ್ಚಾದ ಪತ್ರಸಂಕಲನವೊಂದರ ಮೂಲ ಕಾಗದಗಳನ್ನು ನೋಡಬಹುದೇ ಎಂದು ಸಂಪಾದಕರನ್ನು ಕೇಳಿದೆ. "ಪುಸ್ತಕ ಬಂತಲ್ಲ, ಇನ್ನೇಕೆ ಅಂತ ರದ್ದಿಗೆ ಹಾಕಿದ್ವಿ" ಎಂದರು, ಯಾವ ಅಳುಕೂ ಇಲ್ಲದೆ. ಆ ಸಂಕಲನದ ಮುನ್ನುಡಿಯಲ್ಲಿ 'ಅನವಶ್ಯಕ ವೈಯಕ್ತಿಕ ಭಾಗಗಳನ್ನು ಕೈಬಿಡಲಾಗಿದೆ' ಎಂಬ ಸಾಲಿದೆ. ಯಾರಿಗೆ ಅನವಶ್ಯಕ? ಎಷ್ಟು ಭಾಗ? ಕೈಬಿಟ್ಟ ಜಾಗದಲ್ಲಿ ಮೂರು ಚುಕ್ಕಿಯೂ ಇಲ್ಲ. ಇದಕ್ಕೆ ಸಂಪಾದನೆ ಎನ್ನುವುದಿಲ್ಲ, ತಿಪ್ಪೆ ಸಾರಿಸುವುದು ಎನ್ನುತ್ತಾರೆ.

ನಮ್ಮ ಹಳೆಯ ಕಾಗದಗಳು 'ಉಭಯ ಕುಶಲೋಪರಿ' ಎಂದು ಶುರುವಾಗುತ್ತಿದ್ದವು. ಎರಡೂ ಕಡೆ ಕ್ಷೇಮ ಎಂಬುದನ್ನು ಮೊದಲು ಹೇಳಿ ಆಮೇಲೆ ವಿಷಯ. ಆ ವಿಷಯದಲ್ಲಿ ಭತ್ತದ ಬೆಲೆ, ತಂಗಿಯ ಮದುವೆ, ಕವಿತೆಯ ಒಂದು ಸಾಲಿನ ಮೇಲಿನ ತಕರಾರು, ಪ್ರಕಾಶಕರಿಂದ ಬರಬೇಕಾದ ಹಣ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಬರೆದವರಿಗೆ ಇಲ್ಲದ ವಿಂಗಡಣೆಯನ್ನು ಅವರು ಸತ್ತ ಮೇಲೆ ನಾವು ಹೇರುತ್ತೇವೆ. ಅಷ್ಟೇ ಅಲ್ಲ, ನಮ್ಮ ಸಂಕಲನಗಳಲ್ಲಿ 'ಉಭಯ' ಎಂಬುದೇ ಇಲ್ಲ. ದೊಡ್ಡವರು ಬರೆದದ್ದು ಅಚ್ಚಾಗುತ್ತದೆ. ಅವರಿಗೆ ಬಂದದ್ದು, ಅದರಲ್ಲೂ ಹೆಂಡತಿ, ಅಕ್ಕ, ಶಿಷ್ಯೆ, ಅಚ್ಚುಮೊಳೆ ಜೋಡಿಸಿದವನು ಬರೆದದ್ದು, ಯಾರ ಕೈಗೂ ಸಿಗುವುದಿಲ್ಲ. ಬೀಟನ್‌ನ ಪೆಟ್ಟಿಗೆಗಳ ದೊಡ್ಡ ಬೆಲೆ ಇರುವುದು ಅವನಿಗೆ ಬಂದ ಕಾಗದಗಳೂ ಅಲ್ಲಿರುವುದರಲ್ಲಿ.

ಇದಕ್ಕೆ ದುಡ್ಡಿಲ್ಲ, ಜಾಗವಿಲ್ಲ ಎಂಬ ಉತ್ತರ ನನಗೆ ಗೊತ್ತು. ಕಾಲೇಜಿನ ಗ್ರಂಥಾಲಯವೊಂದು ತನ್ನ ಹಳೆಯ ವಿದ್ಯಾರ್ಥಿಯ, ಅದೂ ಪದವಿ ಪಡೆಯದ ವಿದ್ಯಾರ್ಥಿಯ, ಕಾಗದಗಳನ್ನು ಇಟ್ಟುಕೊಂಡಿದೆ. ನಮ್ಮಲ್ಲಿ ವಿಶ್ವವಿದ್ಯಾಲಯಗಳಿವೆ, ಅಕಾಡೆಮಿಗಳಿವೆ, ಲೇಖಕರ ಹೆಸರಿನ ಪ್ರತಿಷ್ಠಾನಗಳಿವೆ. ದಾಖಲೆ ಇಡುವ ಸರ್ಕಾರಿ ಇಲಾಖೆಗೆ ನಾವು ಇಟ್ಟ ಹೆಸರೇ 'ಪತ್ರಾಗಾರ'. ಹೆಸರಿನಲ್ಲೇ ಪತ್ರವಿದೆ.

ನಾನು ಕೇಳುವುದು ಹೆಚ್ಚಿನದೇನಲ್ಲ. ಕಾಗದಗಳನ್ನು ಆರಿಸದೆ ಇಡಿ; ಯಾವುದು ಮುಖ್ಯ ಎಂದು ಐವತ್ತು ವರ್ಷದ ನಂತರ ಓದುವವಳು ತೀರ್ಮಾನಿಸಲಿ. ಬರೆದದ್ದನ್ನೂ ಬಂದದ್ದನ್ನೂ ಒಟ್ಟಿಗಿಡಿ. ಅಚ್ಚು ಹಾಕುವಾಗ ಬಿಟ್ಟ ಕಡೆ ಬಿಟ್ಟಿದ್ದೇವೆ ಎಂದು ಗುರುತು ಹಾಕಿ, ಅಚ್ಚಾದ ಮೇಲೂ ಮೂಲವನ್ನು ಕಾಪಾಡಿ. ಬದುಕಿರುವವರಿಗೆ ನೋವಾಗುವಂಥದ್ದು ಇದ್ದರೆ ಲಕೋಟೆಗೆ ಹಾಕಿ ಅಂಟಿಸಿ, ಇಂಥ ಇಸವಿಯವರೆಗೆ ತೆರೆಯಬೇಡಿ ಎಂದು ಮೇಲೆ ಬರೆಯಿರಿ. ನಾನು ಕಾಯುತ್ತೇನೆ. ನನ್ನ ಪಿಎಚ್‌ಡಿಯ ಗಡುವು ಮುಗಿದುಹೋಗುತ್ತದೆ, ಪರವಾಗಿಲ್ಲ, ಇನ್ನೊಬ್ಬಳು ಬಂದು ಓದುತ್ತಾಳೆ. ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಕಾಯಲು ನಾವು ಸಿದ್ಧ. ಆ ಪೆಟ್ಟಿಗೆ ಮಾತ್ರ ಇರಬೇಕು.